ಭಟ್ಟಿಗೊಯ್ದ ಮೂರು ಕ್ಯಾಮೆರಾ

ಹಳೆಯದು ಸತ್ತದ್ದು ಹರಿಹರದ ಛತ್ರದಲ್ಲಿ,
ಧಾರೆಯ ನೀರು ಕೈಯಿಂದ ಕೈಗೆ ಇಳಿಯುವಾಗ.
ಕೆಂಪು ಚುಕ್ಕೆ ಉರಿಯುತ್ತಲೇ ಇತ್ತು,
ಒಳಗೆ ಏನೂ ಬೀಳುತ್ತಿರಲಿಲ್ಲ.
ಮೂರು ತಿಂಗಳ ಮೇಲೆ ಹುಡುಗಿಯ ಅಪ್ಪ
ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದರು.
ಜಗಳವಾಡಲಿಲ್ಲ. ಕೂತರು. ನೀರು ಕುಡಿದರು.
'ಬಿಟ್ಟಿದ್ದು ನಾನೇ ತಾನೇ ಅವತ್ತು?'
ಅಷ್ಟು ಕೇಳಿ ಎದ್ದು ಹೋದರು.

ಅಂದಿನಿಂದ ಯಾವ ಕ್ಯಾಮೆರಾ ಮುಟ್ಟಿದರೂ
ನನ್ನದು ಒಂದೇ ಪ್ರಶ್ನೆ:
ಕೆಲಸ ಮಾಡ್ತೀಯೋ,
ಮಾಡಿದಂಗೆ ನಟಿಸ್ತೀಯೋ?

ಮಂಡಿಪೇಟೆಯ ಜಬೀವುಲ್ಲಾ
ಗಾಜಿನ ಮೇಲೆ ಮೂರು ಸಾಲಿಗಿಟ್ಟ.
'ಫೋರ್ ಕೆ ಅಕ್ಕಾ, ಬೆವರಿನ ಹನಿ ಎಣಿಸಬಹುದು.'
ಎಣಿಸಿ ಯಾರಿಗೆ ಲೆಕ್ಕ ಒಪ್ಪಿಸಲಿ?
ನಮ್ಮ ಗಿರಾಕಿಗಳು ಪೆನ್‌ಡ್ರೈವ್ ಒಯ್ದು
ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುವವರು,
ತಮ್ಮ ಸೀರೆ ಬಂದ ಕಡೆ ಮಾತ್ರ ನಿಲ್ಲಿಸುವವರು.
ಶಮೀಮ ಬಾಯಿ ಬಿಡಲಿಲ್ಲ. ಅರ್ಧ ದುಡ್ಡು ಅವಳದು,
ಚೀಟಿ ಎತ್ತಿದ್ದು; ಹೆಂಗಸರ ಕೋಣೆಯ ಶೂಟಿಂಗೆಲ್ಲ ಅವಳದು.
ಕಡೆಗೆ ಅಂದಳು: 'ಸಂಜೆವರೆಗೆ ಮೂರೂ ಕೊಡು.'
ನನ್ನ ಸ್ಕೂಟಿಯ ಆರ್‌ಸಿ ಗಲ್ಲಾದೊಳಗೆ ಹೋಯಿತು.

ಮಂಡಕ್ಕಿ ಭಟ್ಟಿಗಿಂತ ಕಠಿಣ ಪರೀಕ್ಷೆ
ಈ ಊರಲ್ಲಿ ಎಲ್ಲಿದೆ?
ಮಸಿ ಹಿಡಿದ ಗೋಡೆ. ಹೊಟ್ಟಿನ ಬೆಂಕಿ.
ಕಾದ ಮರಳಲ್ಲಿ ಪಟಪಟ ಅರಳುವ ಬಿಳುಪು.
ಆ ಕಪ್ಪಿಗೂ ಈ ಬಿಳಿಗೂ ನಡುವೆ
ಹಜರತ್‌ಬಿಯ ಮುಖ.

ಮೊದಲನೆಯದು ಮುಖವನ್ನು ಮುದ್ದಿಸಿತು,
ಮಂಡಕ್ಕಿಯನ್ನೆಲ್ಲ ಕಲಸಿ ಹಾಲು ಮಾಡಿತು.
ಎರಡನೆಯದು ಕಾಳು ಕಾಳನ್ನೂ ಬಿಡಿಸಿಟ್ಟಿತು,
ಹಜರತ್‌ಬಿಯನ್ನು ಗೋಡೆಗೆ ಕೊಟ್ಟುಬಿಟ್ಟಿತು.
ಹೊಗೆಯ ಎಳೆ ಸುಳಿದಲ್ಲೆಲ್ಲ ಹಿಂದೆ ಓಡಿ
ಫೋಕಸ್ಸು ಕಳಕೊಂಡು
ಹತ್ತೊಂಬತ್ತನೇ ನಿಮಿಷಕ್ಕೆ ಕಾದು ಮಲಗಿತು.
ಮೂರನೆಯದು ಸವೆದ ಮೈ,
ಕಣ್ಣಿನ ರಬ್ಬರು ಇಲಿ ಕಡಿದ ಹಾಗೆ.
ಕಾರ್ಡಿಗೆ ಎರಡು ಮನೆ, ಒಂದು ಕೈಕೊಟ್ಟರೆ ಇನ್ನೊಂದು.
ಬಳೆಯಂತೆ ತಿರುಗುವ ಫೋಕಸ್ಸು,
ಬೆರಳು ಹೇಳಿದಷ್ಟೇ ತಿರುಗುತ್ತದೆ, ಹೆಚ್ಚಿಲ್ಲ.
ಕಪ್ಪಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ ನಿಜ,
ಆದರೆ ಕಾಳೂ ಇತ್ತು,
ಕೆನ್ನೆಯ ಮೇಲಿನ ಮಸಿಯೂ ಇತ್ತು.

ಮೂರನ್ನೂ ನೋಡಿ ಹಜರತ್‌ಬಿ ಅಂದಳು:
'ಮೊದಲನೇದ್ರಾಗ ನಾನು ಚಂದ ಕಾಣ್ತೀನಿ.'
ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.
ದುಡ್ಡು ಕೊಡುವವರೂ ನಾಳೆ ಇದನ್ನೇ ಹೇಳುತ್ತಾರೆ.
ಅವಳು ಸೆರಗಿಗೆ ಕೈ ಒರೆಸಿ
ಮೂರನೆಯದನ್ನು ಎತ್ತಿ ತೂಗಿದಳು:
'ಜೊಳ್ಳಲ್ಲ ಬಿಡು.'

ಚಹಾಕ್ಕೆ ಹೋಗುವಾಗ ಅದನ್ನು
ಮೂಟೆಯ ಮೇಲೆ ಓಡಲು ಬಿಟ್ಟು ಹೋದೆವು.
ರಾತ್ರಿ ಹಾಕಿ ನೋಡಿದರೆ
ಒಂದು ಗಂಟೆ ನಲವತ್ತು ನಿಮಿಷ, ಒಂದೂ ಕಡಿತವಿಲ್ಲ.
ಬೆನ್ನುಗಳು. ಚೀಲ ಹೊಲಿಯುವ ಹುಡುಗ. ಆಜಾನ್.
ಯಾರೂ ಇಲ್ಲದಾಗ ಕಾಲು ಚಾಚಿ ಕೂತು
ಮಂಡಿ ಒತ್ತಿಕೊಳ್ಳುವ ಹಜರತ್‌ಬಿ.
ಏನೂ ಆಗದ ಹೊತ್ತನ್ನೂ
ಅದು ಕೈ ಬಿಟ್ಟಿರಲಿಲ್ಲ.

ನಲವತ್ತೊಂದು ಸಾವಿರಕ್ಕೆ ಇಳಿದ ಜಬೀವುಲ್ಲಾ.
ಜೊತೆಗೆ ಕೊಟ್ಟ ಎರಡು ಬ್ಯಾಟರಿಯಲ್ಲಿ
ಅನುಮಾನದ ಒಂದಕ್ಕೆ
ಶಮೀಮ ಉಗುರುಬಣ್ಣದ ಚುಕ್ಕೆ ಇಟ್ಟಳು.

ಮೊದಲ ಮದುವೆ, ನಿಟುವಳ್ಳಿ.
ಧಾರೆಯ ಹೊತ್ತಿಗೆ ಕೈ ನಡುಗಲಿಲ್ಲ.
ಕೆಂಪು ಚುಕ್ಕೆಯನ್ನು ಈಗ ನಂಬುವುದಿಲ್ಲ ನಾನು,
ಪಕ್ಕದಲ್ಲಿ ಓಡುವ ಅಂಕಿಗೆ ಕಣ್ಣು ಕೀಲಿಸಿ ನಿಂತೆ:
ಹನ್ನೆರಡು, ಹದಿಮೂರು, ಹದಿನಾಲ್ಕು.
ಎಲ್ಲ ದಾಖಲಾಯಿತು.

ನೀರು ಬಿಟ್ಟದ್ದು ಯಾರು ಅಂತ
ಮನೆಗೆ ಬಂದು ನೋಡಬೇಕಾಯಿತು.